ಐಗಳ ಮಠದ ನಾಲ್ಕು ವರ್ಗಗಳು

ಶಿಷ್ಯನ ಅಳವನ್ನರಿತು ಗುರು ಬೋಧಿಸಬೇಕೆಂಬ ಮಾತು ಶರಣಧರ್ಮಕ್ಕೆ ಹೊಸತಲ್ಲ. ‘ಶೂನ್ಯಸಂಪಾದನೆ’ಯ ಪ್ರಭುದೇವರು ಎಲ್ಲರೊಡನೆಯೂ ಒಂದೇ ಬಗೆಯಾಗಿ ಮಾತನಾಡುವವರಲ್ಲ. ತೋಟದ ಕಾಯಕದಲ್ಲಿ ಮುಳುಗಿದ್ದ ಗೊಗ್ಗಯ್ಯನೆದುರು ಅವರು ತೋಟದ ಮಾತಿನಿಂದಲೇ ತೊಡಗುತ್ತಾರೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುವುದರಲ್ಲಿ ಮೈಮರೆತಿದ್ದ ಸಿದ್ಧರಾಮನನ್ನು ಕೆಣಕಿ ಎಚ್ಚರಿಸುತ್ತಾರೆ. ಕಾಯಸಿದ್ಧಿಯಿಂದ ಬೀಗಿದ್ದ ಗೋರಕ್ಷನಿಗೆ ಖಡ್ಗದ ಪರೀಕ್ಷೆಯಿಂದಲೇ ಪಾಠವಾಗುತ್ತದೆ. ಮಹಾದೇವಿಯಕ್ಕನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಒರೆಗೆ ಹಚ್ಚುತ್ತಾರೆ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲ ಕ್ರಮದ ಒಳಗೂ ಇದೇ ಅರಿವು ಅಡಗಿದೆ. ಸಾಧಕನು ಎಲ್ಲಿದ್ದಾನೋ ಅಲ್ಲಿಂದಲೇ ಅವನ ನಡೆ ಮೊದಲಾಗಬೇಕು.

ಇದು ಅನುಭಾವದ ಮಾತಾಯಿತು. ಮಹಾಜ್ಞಾನಿಯೊಬ್ಬನು ಸಾಧಕನೊಬ್ಬನನ್ನು ಅರಿತು ನಡೆಸುವುದು ಬೇರೆ. ತಿಂಗಳಿಗೆ ಆರೇಳು ರೂಪಾಯಿ ವರಮಾನದ ಹಳ್ಳಿಯ ಐಗಳು ಜಗಲಿಯ ಮೇಲೆ ಕುಳಿತ ಹತ್ತಾರು ಮಕ್ಕಳಿಗೆ ಅಕ್ಷರ ಕಲಿಸುವುದು ಬೇರೆ. ಆ ಮಕ್ಕಳಲ್ಲಿ ಒಬ್ಬನು ಚುರುಕು, ಇನ್ನೊಬ್ಬನು ಮಂದ. ಒಬ್ಬನು ಸುಗ್ಗಿಯ ಕಾಲದಲ್ಲಿ ಹೊಲಕ್ಕೆ ಹೋಗಿ ತಿಂಗಳುಗಟ್ಟಲೆ ಬಾರದವನು, ಇನ್ನೊಬ್ಬನು ಒಂದು ದಿನವೂ ತಪ್ಪದವನು. ಇವರೆಲ್ಲರನ್ನೂ ಒಬ್ಬ ಉಪಾಧ್ಯಾಯ ಹೇಗೆ ಕಲಿಸುತ್ತಿದ್ದ? ಈ ಪ್ರಶ್ನೆಗೆ ಕನ್ನಡ ನಾಡಿನ ಮಟ್ಟಿಗೆ ವಿವರವಾದ ಉತ್ತರ ಕೊಡುವ ಹಳೆಯ ದಾಖಲೆಯೊಂದಿದೆ. ಅದು ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು 1823ರ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದು ಕಳುಹಿಸಿದ ವರದಿ.

ಆ ವರದಿ ಹುಟ್ಟಿದ ಸಂದರ್ಭವನ್ನು ಸಂಕ್ಷೇಪವಾಗಿ ಹೇಳಬಹುದು. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರ ಜೂನ್ 25ರಂದು ಪ್ರಾಂತದ ದೇಶೀಯ ಶಾಲೆಗಳ ಎಣಿಕೆ ಮಾಡಿಸಬೇಕೆಂದು ಟಿಪ್ಪಣಿ ಬರೆದನು. ಒಂದೊಂದೇ ಜಿಲ್ಲೆಯಿಂದ ಉತ್ತರಗಳು ಬಂದವು. ಹಲವು ಕಲೆಕ್ಟರರು ಬರಿಯ ಅಂಕಿಗಳ ಕೋಷ್ಟಕ ಕಳುಹಿಸಿ ಕೈತೊಳೆದುಕೊಂಡರು. ಕ್ಯಾಂಪ್‌ಬೆಲ್ಲನು ಹಾಗೆ ಮಾಡಲಿಲ್ಲ. 1816ರಲ್ಲಿ ತೆಲುಗು ಭಾಷೆಯ ವ್ಯಾಕರಣವೊಂದನ್ನು ಪ್ರಕಟಿಸಿದ್ದ ಆತನಿಗೆ ದೇಶಭಾಷೆಗಳ ಕಲಿಕೆಯೆಂದರೆ ಏನೆಂಬುದು ತಿಳಿದಿತ್ತು. ಶಾಲೆಯ ಬಾಗಿಲು ತೆರೆಯುವ ಹೊತ್ತಿನಿಂದ ಹಿಡಿದು ಮಕ್ಕಳು ಓದುವ ಪುಸ್ತಕಗಳವರೆಗೆ ಆತನು ವಿವರ ಕೊಟ್ಟಿದ್ದಾನೆ. ಧರ್ಮಪಾಲರು 1983ರಲ್ಲಿ ಈ ಸಮೀಕ್ಷೆಯ ಕಾಗದಪತ್ರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಇದು ಎಲ್ಲರ ಕೈಗೆಟಕುವಂತಾಯಿತು. ಆದರೂ ಚರ್ಚೆಯೆಲ್ಲ ಶಾಲೆಗಳ ಸಂಖ್ಯೆಯ ಸುತ್ತಲೇ ಸುತ್ತಿತು. ಪಾಠಕ್ರಮದ ಮಾತು ಹಿಂದೆ ಬಿದ್ದಿತು.

ಸಂಖ್ಯೆಗಳನ್ನು ಮೊದಲು ನೋಡುವುದು ಒಳ್ಳೆಯದು. ಪಾಠಕ್ರಮಕ್ಕೂ ಅವಕ್ಕೂ ಸಂಬಂಧವಿದೆ. ಅನಂತಪುರದ ಸೀಮೆಯೂ ಸೇರಿದ್ದ ಆ ಕಾಲದ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಇವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದು. ಬ್ರಾಹ್ಮಣರು ಮಾತ್ರ ಓದುತ್ತಿದ್ದ ವಿದ್ಯಾಸ್ಥಾನಗಳು 23. ಓದುವ ಮಕ್ಕಳು ಒಟ್ಟು 6,641. ಅಂದರೆ ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಹದಿಮೂರು ಮಕ್ಕಳು. ಜನಸಂಖ್ಯೆಗೆ ಹೋಲಿಸಿದರೆ ಸಾವಿರಕ್ಕೆ ಏಳು ಮಂದಿ. ಹೆಣ್ಣುಮಕ್ಕಳು ಜಿಲ್ಲೆಗೆಲ್ಲ 60. ಹನ್ನೆರಡು ಮತ್ತು ಏಳು ಎಂಬ ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡೇ ಹಳೆಯ ಶಾಲೆಯ ಗುಣದೋಷಗಳನ್ನು ತೂಗಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಮರೆತವರು ಅದನ್ನು ಸ್ವರ್ಗವೆಂದೋ ನರಕವೆಂದೋ ಬಣ್ಣಿಸಿದ್ದಾರೆ.

ಇಂತಹ ಶಾಲೆಗೆ ಪ್ರದೇಶಕ್ಕೊಂದು ಹೆಸರು. ಮೈಸೂರು ಸೀಮೆಯಲ್ಲಿ ಕೂಲಿಮಠ, ಉತ್ತರದ ಕಡೆ ಗಾಂವಠಿ ಶಾಲೆ, ಹಲವೆಡೆ ಐಗಳ ಮಠ. ‘ಅಯ್ಯಗಳು’ ಎಂಬ ಗೌರವದ ಮಾತೇ ಸವೆದು ‘ಐಗಳು’ ಆಗಿದೆ. ಊರಿನ ಜಂಗಮರು ಓದು ಕಲಿಸುವ ಕಾರ್ಯವನ್ನು ಕೈಗೊಂಡಿದ್ದುದಕ್ಕೆ ಆ ಹೆಸರೇ ಸಾಕ್ಷಿ. ಮುಂದೆ ಯಾವ ಜಾತಿಯವನು ಕಲಿಸಿದರೂ ಐಗಳೇ ಆದನು.

ಮಗುವಿಗೆ ಐದು ವರ್ಷವಾದಾಗ ಅಕ್ಷರಾಭ್ಯಾಸ. ಉಪಾಧ್ಯಾಯನೂ ಅವನ ಮಕ್ಕಳೂ ಆ ಮನೆಗೇ ಬರುತ್ತಾರೆ. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ಕುಳಿತು, ಧೂಪ ಹಾಕಿ, ಮಗುವಿನ ಬಾಯಿಂದ ಪ್ರಾರ್ಥನೆ ಹೇಳಿಸಿ, ಅದರ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಾರೆ. ಮರುದಿನ ಬೆಳಗಿನಿಂದ ಶಾಲೆ. ಹಳೆಯ ಮಕ್ಕಳೇ ಹೊಸ ಮಗುವಿನ ಮನೆಗೆ ಬಂದು ಕೂಡುವ ಈ ಕ್ರಮ ಗಮನಿಸತಕ್ಕದ್ದು. ಮುಂದೆ ಅಕ್ಷರ ತಿದ್ದಿಸಬೇಕಾದವರಲ್ಲಿ ಅವರೂ ಸೇರಿರುತ್ತಾರಷ್ಟೆ.

ಬೆಳಗಿನ ಆರು ಗಂಟೆಗೆ ಶಾಲೆ ತೆರೆಯುತ್ತದೆ. ಎಲ್ಲರೂ ನೆರೆದ ಮೇಲೆ ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ವರ್ಗಗಳಾಗಿ ಕೂಡಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಗಗಳು. ಕೆಳಗಿನ ವರ್ಗಗಳನ್ನು ಬಹುಮಟ್ಟಿಗೆ ಹಿರಿಯ ಹುಡುಗರು ನೋಡಿಕೊಳ್ಳುತ್ತಾರೆ. ಮೇಲಿನವು ಉಪಾಧ್ಯಾಯನ ನೇರ ಮೇಲ್ವಿಚಾರಣೆಯಲ್ಲಿರುತ್ತವೆ. ಆದರೂ ಅವನ ಕಣ್ಣು ಇಡಿಯ ಶಾಲೆಯ ಮೇಲಿರುತ್ತದೆ. ಒಂದು ವರ್ಗದಿಂದ ಮತ್ತೊಂದಕ್ಕೆ ಏರುವುದು ವಯಸ್ಸಿನಿಂದಲ್ಲ, ವರ್ಷ ಕಳೆದುದರಿಂದಲೂ ಅಲ್ಲ. ಹುಡುಗನ ಶಕ್ತಿ ಮತ್ತು ಪ್ರಗತಿಯಿಂದ. ಕ್ಯಾಂಪ್‌ಬೆಲ್ಲನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿರುವ ಈ ಸಂಗತಿಯೇ ಇಡಿಯ ವರದಿಯ ತಿರುಳೆನ್ನಬಹುದು. ಮರಳಿನ ಮೇಲೆ ಅಕ್ಷರ ಸರಿಯಾಗಿ ಮೂಡುವವರೆಗೆ ಹುಡುಗ ಮರಳಿನ ಮುಂದೆಯೇ ಕೂಡುತ್ತಿದ್ದ. ಮೂಡಿದ ದಿನ ಎದ್ದು ಮುಂದಿನ ಸಾಲಿಗೆ ಹೋಗುತ್ತಿದ್ದ. ಅದಕ್ಕೆ ವಾರ್ಷಿಕ ಪರೀಕ್ಷೆಯ ಹಂಗಿರಲಿಲ್ಲ.

ಕಲಿಕೆಯ ಮೆಟ್ಟಿಲುಗಳೂ ಹಾಗೆಯೇ ಇದ್ದವು. ಮೊದಲು ಬೆರಳಿನಿಂದ ಮರಳಿನಲ್ಲಿ ಅಕ್ಷರ. ಯೂರೋಪಿನವರಂತೆ ವರ್ಣಮಾಲೆಯನ್ನು ಬಾಯಲ್ಲಿ ಹೇಳಿಸಿ ಕಲಿಸುವುದಿಲ್ಲ, ಕೈಯಲ್ಲಿ ಬರೆಯಿಸಿ ಕಲಿಸುತ್ತಾರೆಂದು ಕಲೆಕ್ಟರನು ಬೆರಗಿನಿಂದ ಗುರುತಿಸಿದ್ದಾನೆ. ಕೈ ಕುದುರಿದ ಮೇಲೆ ಓಲೆಯ ಮೇಲೆ ಕಂಠದಿಂದಲೋ, ಕಾಗದದ ಮೇಲೆ ಲಾಳದ ಕಡ್ಡಿಯಿಂದಲೋ ಬರೆಯುವ ಅಧಿಕಾರ ಬರುತ್ತಿತ್ತು. ಬಳ್ಳಾರಿಯ ಕಡೆ ಹೆಚ್ಚು ಬಳಕೆಯಲ್ಲಿದ್ದುದು ಹಲಗೆ ಮತ್ತು ಕಡತ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ನುಣುಪಾದ ಮರದ ತುಂಡು. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಸವರುತ್ತಿದ್ದರು. ಕಡತವೆಂದರೆ ಗಂಜಿಯಲ್ಲಿ ಗಡುಸುಮಾಡಿ ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟ ಬಟ್ಟೆ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಬರೆದು ಬರೆದು ಅಳಿಸಬಹುದಾದ ಇಂತಹ ಸಾಧನಕ್ಕೆ ಖರ್ಚು ತೀರ ಕಡಿಮೆ. ತಪ್ಪಿದ ಮಗು ಎಷ್ಟು ಸಲ ಬೇಕಾದರೂ ತಿದ್ದಿಕೊಳ್ಳಬಹುದು. ಮಂದಗತಿಯ ಮಗುವಿಗೆ ಇದರಿಂದ ಆಗುತ್ತಿದ್ದ ಉಪಕಾರ ಸಣ್ಣದಲ್ಲ.

ಅಕ್ಷರವಾದ ಮೇಲೆ ಕಾಗುಣಿತ, ಅನಂತರ ಜನರ ಹೆಸರು, ಊರುಗಳ ಹೆಸರು, ಪ್ರಾಣಿಗಳ ಹೆಸರು, ಕೊನೆಗೆ ಲೆಕ್ಕದ ಚಿಹ್ನೆಗಳು. ಲೆಕ್ಕದಲ್ಲಿ ಭಿನ್ನಾಂಕಗಳಿಗೆ ವಿಶೇಷ ಗಮನ. ಹತ್ತರಿಂದಲ್ಲ, ನಾಲ್ಕರಿಂದ ಇಳಿಯುವ ಲೆಕ್ಕ ಅದು: ಕಾಲು, ಕಾಲಿನಲ್ಲಿ ಕಾಲಾದ ವೀಸ, ಅದಕ್ಕೂ ಕೆಳಗೆ. ದಿನಕ್ಕೆರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು ಹಿರಿಯ ಹುಡುಗನ ಹಿಂದೆ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಕ್ಕೊರಲಿನಿಂದ ಹೇಳಬೇಕು. ಮೇಲಿನ ವರ್ಗದವರಿಗೆ ಬೇರೆ ಬೇರೆ ಕೈಬರಹದ ಕಾಗದಗಳನ್ನು ಓದಿಸುತ್ತಿದ್ದರು. ಐಗಳು ಅಲ್ಲಿಂದ ಇಲ್ಲಿಂದ ಕೂಡಿಹಾಕಿದ ಹಳೆಯ ಪತ್ರಗಳೇ ಪಠ್ಯ. ಕರಾರುಪತ್ರ ಬರೆಯುವುದನ್ನೂ ಕಲಿಸುತ್ತಿದ್ದರು. ಮಗ್ಗಿಯಲ್ಲಿ ಎಲ್ಲರೂ ಒಂದಾಗಿ, ಬರೆವಣಿಗೆಯಲ್ಲಿ ಒಬ್ಬೊಬ್ಬರೂ ಬೇರೆಯಾಗಿ, ಹೀಗೆ ಯಾವುದನ್ನು ಕೂಡಿ ಕಲಿಯಬೇಕು, ಯಾವುದನ್ನು ತಾನೇ ಕಲಿಯಬೇಕು ಎಂಬ ವಿವೇಕ ಆ ಹಳ್ಳಿಯ ಉಪಾಧ್ಯಾಯನಿಗಿತ್ತು. ಆತನು ಬೋಧನಶಾಸ್ತ್ರದ ಗ್ರಂಥವನ್ನೇನೂ ಓದಿದವನಲ್ಲ.

ಹಿರಿಯ ಹುಡುಗರು ಕಿರಿಯರಿಗೆ ಕಲಿಸುವುದರಿಂದ ಕಿರಿಯರಿಗೆ ಪಾಠವಾಗುತ್ತದೆ, ಹಿರಿಯರಿಗೆ ತಮ್ಮ ಪಾಠ ಗಟ್ಟಿಯಾಗುತ್ತದೆ ಎಂದು ಕ್ಯಾಂಪ್‌ಬೆಲ್ಲನು ಮೆಚ್ಚಿಕೊಂಡು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಉಚಿತವೇ ಆಯಿತೆಂದು ಸೇರಿಸಿದ್ದಾನೆ. ಆ ಅನುಕರಣೆಯ ಕಥೆಯೂ ಮದರಾಸಿನಿಂದಲೇ ಮೊದಲಾಗುತ್ತದೆ. 1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಆಶ್ರಯಶಾಲೆಯ ಮೇಲ್ವಿಚಾರಕನಾದನು. ದೇಶೀಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುತ್ತಿದ್ದುದನ್ನು ಕಂಡು ತನ್ನ ಶಾಲೆಯಲ್ಲಿಯೂ ಹಾಗೆ ಮಾಡಿಸಹೊರಟಾಗ ಅಲ್ಲಿಯ ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ಲನು ಎಂಟು ವರ್ಷದ ಹುಡುಗನೊಬ್ಬನನ್ನು ಅಕ್ಷರದ ತರಗತಿಗೆ ಕೂಡಿಸಿದನು. ಉಪಾಧ್ಯಾಯರು ಆಗದೆಂದ ಕೆಲಸವನ್ನು ಆ ಹುಡುಗ ಮಾಡಿ ತೋರಿಸಿದ. 1797ರಲ್ಲಿ ಬೆಲ್ಲನು ಲಂಡನ್ನಿನಲ್ಲಿ ಈ ಪ್ರಯೋಗದ ವರದಿಯನ್ನು ಅಚ್ಚುಹಾಕಿಸಿದನು. ಮರುವರ್ಷವೇ ಜೋಸೆಫ್ ಲ್ಯಾಂಕಾಸ್ಟರನು ಅದೇ ಬಗೆಯ ಶಾಲೆಯನ್ನು ಆ ನಗರದಲ್ಲಿ ತೆರೆದನು. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1814ರಲ್ಲಿ ಬಂಗಾಳಕ್ಕೆ ಬರೆದ ಕಾಗದದಲ್ಲಿ, ಈ ಪದ್ಧತಿ ಭಾರತದಿಂದ ಇಂಗ್ಲೆಂಡಿಗೆ ಬಂದುದೆಂದು ತಾವೇ ಒಪ್ಪಿಕೊಂಡಿದ್ದಾರೆ.

ಆದರೆ ಕಡಲು ದಾಟಿದುದು ಪದ್ಧತಿಯ ಅರ್ಧಭಾಗ ಮಾತ್ರ. ಇಂಗ್ಲೆಂಡಿನಲ್ಲಿ ಆಗ ಕಾರ್ಖಾನೆಗಳ ಊರುಗಳು ಬೆಳೆಯುತ್ತಿದ್ದವು; ಸಾವಿರಾರು ಬಡಮಕ್ಕಳಿಗೆ ಕಡಿಮೆ ವೆಚ್ಚದಲ್ಲಿ ಅಕ್ಷರ ಕಲಿಸಬೇಕಾಗಿತ್ತು. ಒಂದು ದೊಡ್ಡ ಅಂಕಣ, ನೂರಾರು ಮಕ್ಕಳು, ಒಬ್ಬನೇ ಉಪಾಧ್ಯಾಯ, ಸಾಲುಸಾಲಿಗೆ ಮೇಟಿ ಹುಡುಗರು. ಮಕ್ಕಳನ್ನು ಕಲಿಕೆಗೆ ತಕ್ಕಂತೆ ವಿಂಗಡಿಸುವ ಕ್ರಮವನ್ನು ಅವರೂ ಬಿಟ್ಟಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಹನ್ನೆರಡು ಮಕ್ಕಳ ಮೇಲೆ ಕಣ್ಣಿಟ್ಟ ಐಗಳಿಗೆ ಯಾವ ಹುಡುಗ ಎಲ್ಲಿ ಎಡವುತ್ತಾನೆಂಬುದು ತಿಳಿಯುತ್ತಿತ್ತು. ಐನೂರು ಮಕ್ಕಳ ಉಪಾಧ್ಯಾಯನಿಗೆ ಸಾಲುಗಳು ಕಾಣುತ್ತಿದ್ದವೇ ಹೊರತು ಮಕ್ಕಳಲ್ಲ. ಹುಡುಗನು ಹುಡುಗನಿಗೆ ಕಲಿಸುವುದು ಐಗಳ ಮಠದಲ್ಲಿ ಮಗುವನ್ನು ಅರಿಯುವ ಉಪಾಯವಾಗಿತ್ತು; ಲಂಡನ್ನಿನಲ್ಲಿ ಅದು ಸಂಬಳ ಉಳಿಸುವ ಉಪಾಯವಾಯಿತು.

ಇಷ್ಟು ಹೇಳಿದ ಮೇಲೆ ಐಗಳ ಮಠದ ಕಪ್ಪು ಮುಖವನ್ನು ಮುಚ್ಚಿಡುವಂತಿಲ್ಲ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರನ್ನೂ, ಎರಡನೆಯವನ ಅಂಗೈ ಮೇಲೆ ಸೊನ್ನೆಯನ್ನೂ ಬರೆಯುತ್ತಿದ್ದರು. ಮೂರನೆಯವನಿಗೆ ಮೆಲ್ಲನೆಯದೊಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗಿ ಕೊನೆಗೆ ಬಂದವನಿಗೆ ಎಲ್ಲರಿಗಿಂತ ಹೆಚ್ಚು. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ರಾಟೆಯಿಂದ ಮಾಡಿಗೆ ತೂಗುಹಾಕುತ್ತಿದ್ದರೆಂದೂ ವರದಿಯಲ್ಲಿದೆ. ಹಳೆಯ ತಲೆಮಾರಿನವರು ಕೋದಂಡವೆಂದು ಕರೆಯುತ್ತಿದ್ದ ಶಿಕ್ಷೆಯೇ ಇದು. ಸೋಮಾರಿತನಕ್ಕೂ ಮಂದಬುದ್ಧಿಗೂ ಇರುವ ಅಂತರವನ್ನು ರಾಟೆಯ ಹಗ್ಗ ಅರಿಯದು. ವರ್ಗ ಮಾಡುವಾಗ ಮಗುವಿನ ಶಕ್ತಿಯನ್ನು ನೋಡಿದ ಐಗಳು ಬೆತ್ತ ಎತ್ತಿದಾಗ ಅದನ್ನು ಮರೆಯುತ್ತಿದ್ದರು. ಇದನ್ನು ಆ ಕಾಲದ ರೂಢಿಯೆಂದು ಹೇಳಿ ತಳ್ಳಿಹಾಕುವುದು ಸುಲಭ. ಆದರೆ ಆ ಏಟಿಗೆ ಹೆದರಿ ಶಾಲೆ ಬಿಟ್ಟವರು 6,641ರ ಲೆಕ್ಕದಲ್ಲಿ ಸಿಗುವುದಿಲ್ಲ.

ಇದಕ್ಕಿಂತಲೂ ಆಳವಾದ ದೋಷವನ್ನು ಕ್ಯಾಂಪ್‌ಬೆಲ್ಲನು ಪುಸ್ತಕಗಳಲ್ಲಿ ಕಂಡನು. ಇಲ್ಲಿ ವೀರಶೈವ ಸಾಹಿತ್ಯದ ವಿದ್ಯಾರ್ಥಿಗಳು ತಡೆದು ನಿಲ್ಲಬೇಕು. ಎಲ್ಲ ಶಾಲೆಗಳಲ್ಲೂ ಸಾಮಾನ್ಯವಾಗಿ ಓದಿಸುತ್ತಿದ್ದವು ರಾಮಾಯಣ, ಮಹಾಭಾರತ, ಭಾಗವತಗಳು. ಇವಲ್ಲದೆ ಮಕ್ಕಳಿಗೆ ಅವರವರ ಮತಾಚಾರಕ್ಕೆ ಹೊಂದುವ ಗ್ರಂಥಗಳೂ ಇದ್ದವು. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣ ಮೊದಲಾದವು. ಲಿಂಗ ಧರಿಸಿದವರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ. ಇಂಗ್ಲಿಷ್ ಬರಹದಲ್ಲಿ ಈ ಹೆಸರುಗಳು ಗುರುತು ಸಿಗದಷ್ಟು ತಿರುಚಿಕೊಂಡಿದ್ದರೂ ಕೃತಿಗಳು ಇವೆಂಬುದು ಸ್ಪಷ್ಟ. ಮಹಲಿಂಗರಂಗನ ‘ಅನುಭವಾಮೃತ’ ಅದ್ವೈತಪರವಾದ ಕೃತಿ. ಆ ಹೆಸರು ಲಿಂಗವಂತರ ಮಕ್ಕಳ ಪುಸ್ತಕಗಳ ಸಾಲಿನಲ್ಲಿ ಬಂದಿರುವುದು ಕುತೂಹಲದ ಸಂಗತಿ. ಮತಕ್ಕೂ ಮನೆತನಕ್ಕೂ ತಕ್ಕಂತೆ ಪಠ್ಯವನ್ನು ಬೇರ್ಪಡಿಸುವ ಕ್ರಮ ಅಲ್ಲಿ ಇದ್ದೇ ಇತ್ತು.

ಆದರೆ ಮಗುವಿನ ತಿಳಿವಿಗೆ ತಕ್ಕಂತೆ? ಇಲ್ಲಿಯೇ ಆ ಪದ್ಧತಿ ಸೋತಿತು. ಭೀಮಕವಿಯ ಬಸವಪುರಾಣ ಮುಗಿದುದು 1369ರಲ್ಲಿ. ಹರಿಹರನ ಗಿರಿಜಾಕಲ್ಯಾಣವಾದರೋ ಅದಕ್ಕಿಂತ ಹಳೆಯ ಚಂಪೂಕಾವ್ಯ. 1823ರ ಹಳ್ಳಿಯ ಹುಡುಗನ ಆಡುಮಾತಿಗೂ ಈ ಕಾವ್ಯಗಳ ನುಡಿಗೂ ಶತಮಾನಗಳ ದೂರ. ಪುಸ್ತಕಗಳೆಲ್ಲ ಪದ್ಯದಲ್ಲಿವೆ, ಅವುಗಳ ಭಾಷೆ ಮಾತಿನ ಭಾಷೆಯಲ್ಲ. ಅರ್ಥ ಹೇಳಬಲ್ಲ ಉಪಾಧ್ಯಾಯರು ಕೆಲವರೇ, ತಿಳಿದುಕೊಂಡ ಮಕ್ಕಳು ಇನ್ನೂ ಕಡಿಮೆ. ಗಿಳಿಯಂತೆ ಪದ್ಯಗಳನ್ನು ಒಪ್ಪಿಸುತ್ತಾರೆ ಎಂದು ಕಲೆಕ್ಟರನು ಕಟುವಾಗಿ ಬರೆದಿದ್ದಾನೆ. ಉಚ್ಚಾರ ಶುದ್ಧಿಗಾಗಿ ಬಾಯಿಪಾಠವೆಂಬುದು ಸರಿ. ಬಾಯಿಪಾಠವಾದ ಪುರಾಣದ ಅರ್ಥ ಶ್ರಾವಣಮಾಸದ ಪುರಾಣಪ್ರವಚನದಲ್ಲಿ ಮಠದಲ್ಲೋ ಗುಡಿಯಲ್ಲೋ ಹುಡುಗನ ಕಿವಿಗೆ ಬೀಳುತ್ತಿತ್ತೆಂದು ಶಾಲೆಯ ಪರವಾಗಿ ಹೇಳಬಹುದು. ಆದರೂ ಕಲೆಕ್ಟರನ ಮಾತನ್ನು ಪರದೇಶಿಯ ತಾತ್ಸಾರವೆಂದು ಬದಿಗೊತ್ತಲಾಗದು. ಗತಿಯನ್ನು ಮಗುವಿಗೆ ಒಪ್ಪಿಸಿದ್ದ ಆ ಶಾಲೆ ಅರ್ಥವನ್ನು ಮಗುವಿಗೆ ಒಪ್ಪಿಸಿರಲಿಲ್ಲ.

ಇನ್ನೂ ಒಂದು ವಿಷಯ ಮನಸ್ಸನ್ನು ಕಲಕುವಂತಹುದು. ಹೆಸರಿಸಿದ ಆ ಗ್ರಂಥಗಳ ನಡುವೆ ವಚನಗಳಿಲ್ಲ. ಒಕ್ಕಲಿಗನಿಗೂ ಅಂಬಿಗನಿಗೂ ತಿಳಿಯಲೆಂದೇ ಆಡಿದ ಮಾತುಗಳು, ಟೀಕೆಯ ನೆರವಿಲ್ಲದೆ ಹತ್ತು ವರ್ಷದ ಮಗುವಿಗೂ ಬಹುಪಾಲು ಅರ್ಥವಾಗುವ ಗದ್ಯ, ಅದೇ ಧರ್ಮದವರ ಮಕ್ಕಳ ಶಾಲೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಶರಣರ ಚರಿತ್ರೆಯನ್ನು ಷಟ್ಪದಿಯಲ್ಲಿ ಬಾಯಿಪಾಠ ಮಾಡಿದ ಹುಡುಗನಿಗೆ ಶರಣರ ಮಾತೇ ಪಠ್ಯವಾಗಿರಲಿಲ್ಲ. ಆ ಮಾತುಗಳು ಓಲೆಯ ಕಟ್ಟುಗಳಲ್ಲಿದ್ದವು. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದು 1923ರಲ್ಲಿ, ಕ್ಯಾಂಪ್‌ಬೆಲ್ಲನ ವರದಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ. ವಚನಗಳು ಕನ್ನಡ ಪಠ್ಯಪುಸ್ತಕಗಳಲ್ಲಿ ಎಲ್ಲ ಜಾತಿಯ ಮಕ್ಕಳ ಸೊತ್ತಾದುದು ಅದಾದ ಮೇಲೆ.

ವರದಿಯ ಕೊನೆಯ ಭಾಗ ದುಃಖದ್ದು. ಹಿಂದೆ ಶಾಲೆಗಳಿದ್ದ ಅನೇಕ ಊರುಗಳಲ್ಲಿ ಈಗ ಶಾಲೆಯಿಲ್ಲ. ದೊಡ್ಡ ಶಾಲೆಗಳಿದ್ದಲ್ಲಿ ಉಳ್ಳವರ ಕೆಲವು ಮಕ್ಕಳಷ್ಟೇ ಉಳಿದಿದ್ದಾರೆ. ಯೂರೋಪಿನ ಬಟ್ಟೆ ಬಂದು ನೇಕಾರರ ಗಳಿಕೆ ಕುಗ್ಗಿತು. ದಂಡು ದೂರದ ಗಡಿಗೆ ಹೋದುದರಿಂದ ಧಾನ್ಯಕ್ಕೆ ಬೇಡಿಕೆ ತಗ್ಗಿತು. ನಾಡಿನ ಹಣ ನಾಡಿನಲ್ಲಿ ನಿಲ್ಲದಾಯಿತು. ಇವೆಲ್ಲ ಕಂಪನಿಯ ಅಧಿಕಾರಿಯೇ ಕೊಟ್ಟ ಕಾರಣಗಳು. 533 ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದು ಬರೆಯಲು ತನಗೆ ನಾಚಿಕೆಯಾಗುತ್ತದೆಂದು ಆತನು ಹೇಳಿಕೊಂಡಿದ್ದಾನೆ. ಅನುಕೂಲವಂತರ ಮಕ್ಕಳು ಹದಿನಾಲ್ಕು ಹದಿನೈದು ವರ್ಷ ಓದುತ್ತಿದ್ದರೆ ಬಡವರ ಮಕ್ಕಳು ಐದೇ ವರ್ಷಕ್ಕೆ ಬಿಡುತ್ತಿದ್ದರು. ಮಗುವಿನ ಗತಿಗೆ ಕಾಯುವ ಪದ್ಧತಿ ಕಾಯಲು ಸಮಯವಿದ್ದವರಿಗೆ ಮಾತ್ರ ಫಲ ಕೊಟ್ಟಿತು. ಮಂದಗತಿಯ ಬಡ ಹುಡುಗನ ಪಾಲಿಗೆ ಐದು ವರ್ಷ ಮುಗಿಯುವುದರೊಳಗೆ ಕಡತವಾದರೂ ಕೈಗೆ ಬಂದಿದ್ದರೆ ಅದೇ ಭಾಗ್ಯ.

ಮುಂದಿನ ಚರಿತ್ರೆ ಬೇಗನೆ ಹೇಳಿ ಮುಗಿಸಬಹುದಾದುದು. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ನಿಯಮದಂತೆ ಇನ್‌ಸ್ಪೆಕ್ಟರನ ಮುಂದೆ ಎಷ್ಟು ಮಕ್ಕಳು ತೇರ್ಗಡೆಯಾದರೋ ಅಷ್ಟಕ್ಕೆ ತಕ್ಕ ಅನುದಾನ. ಆ ಗಾಳಿ ಭಾರತಕ್ಕೂ ಬೀಸಿತು. 1882ರ ಹಂಟರ್ ಆಯೋಗವು ದೇಶೀಯ ಶಾಲೆಗಳಿಗೂ ಫಲಿತಾಂಶ ನೋಡಿಯೇ ನೆರವು ಕೊಡಬೇಕೆಂದು ಸೂಚಿಸಿತು. ಉಳಿದಿದ್ದ ಐಗಳ ಮಠಗಳು ಅನುದಾನಕ್ಕಾಗಿ ವರ್ಷಕ್ಕೊಂದು ಇಯತ್ತೆಯ ಚೌಕಟ್ಟಿಗೆ ಒಗ್ಗಿದವು, ಇಲ್ಲವೇ ಮುಚ್ಚಿದವು. ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಹೊಸ ಶಾಲೆಯಿಂದ ಬಂದ ಲಾಭವನ್ನೂ ಮರೆಯಬಾರದು: ಸುಲಭ ಗದ್ಯದ ಪಾಠಗಳು ಬಂದವು, ಹೆಣ್ಣುಮಕ್ಕಳಿಗೂ ತುಳಿತಕ್ಕೊಳಗಾದವರ ಮಕ್ಕಳಿಗೂ ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. ಸಾವಿರಕ್ಕೆ ಏಳರ ಲೆಕ್ಕ ಹಿಗ್ಗಿತು. ಆದರೆ ಹಿಗ್ಗಿದ ತರಗತಿಯಲ್ಲಿ ಹಿಂದುಳಿದ ಮಗು ಹಿಂದೆಯೇ ಉಳಿಯಿತು. ತೇರ್ಗಡೆಯಾಗದ ಮಗುವಿಗೆ ಇದ್ದ ಮದ್ದು ಒಂದೇ, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂಡುವುದು.

ಮರೆತ ಆ ಕ್ರಮ ಕನ್ನಡ ಶಾಲೆಗೆ ಮರಳಿದುದು ಅನಿರೀಕ್ಷಿತವಾದ ದಾರಿಯಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ ಅಲ್ಲಿಯ ಗ್ರಾಮಶಾಲೆಗಳ ಪದ್ಧತಿಯನ್ನು ನೋಡಿ ಬಂದರು. ಯುನಿಸೆಫ್ ಸಂಸ್ಥೆಯ ನೆರವಿನಿಂದ ತಮ್ಮ ತಾಲ್ಲೂಕಿಗೆ ಒಪ್ಪುವಂತೆ ಅದನ್ನು ರೂಪಿಸಿ ‘ನಲಿ-ಕಲಿ’ ಎಂದು ಹೆಸರಿಟ್ಟರು. ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿಯಾಗಿ ಬರೆದರು. ಮೆಟ್ಟಿಲಿಗೊಂದು ಕಾರ್ಡು, ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಕೂಡುತ್ತದೆ. ಮಕ್ಕಳನ್ನು ಗುಂಪುಗಳಾಗಿ ಕೂಡಿಸುವಾಗಲೂ ಅಳತೆಗೋಲು ಒಂದೇ: ಪೂರ್ತಿಯಾಗಿ ಉಪಾಧ್ಯಾಯರ ನೆರವು ಬೇಕಾದವರು ಒಂದು ಕಡೆ, ಸ್ವಲ್ಪವೇ ಬೇಕಾದವರು ಇನ್ನೊಂದು ಕಡೆ, ಜೊತೆಯ ಮಕ್ಕಳ ನೆರವಿನಿಂದ ಕಲಿಯುವವರು ಮತ್ತೊಂದು ಕಡೆ, ತಾವಾಗಿಯೇ ಕಲಿಯಬಲ್ಲವರು ಬೇರೆ. ಬಳ್ಳಾರಿಯ ವರದಿಯನ್ನು ಓದಿದವರಿಗೆ ಇಲ್ಲಿ ಐಗಳ ಮಠದ ನಾಲ್ಕು ವರ್ಗಗಳು ನೆನಪಾಗದೆ ಇರವು. ಒಂದು ಅಂತರವಂತೂ ಇದೆ: ಐಗಳು ಚುರುಕು ಹುಡುಗರನ್ನು ತಮ್ಮ ಬಳಿ ಇಟ್ಟುಕೊಂಡು ಕೆಳಗಿನವರನ್ನು ಹಿರಿಯ ಹುಡುಗರಿಗೆ ಬಿಟ್ಟರು, ನಲಿ-ಕಲಿಯಲ್ಲಿ ಹೊಸದಾಗಿ ಕಲಿಯುವ ಮಗುವೇ ಉಪಾಧ್ಯಾಯರ ಬಳಿ ಕೂಡುತ್ತದೆ. ನೂರೆಪ್ಪತ್ತು ವರ್ಷಗಳಲ್ಲಿ ಆದ ಮುಖ್ಯ ತಿದ್ದುಪಡಿ ಇದು.

ಅಕ್ಷರ ಕಲಿಸುವ ಕ್ರಮವೂ ಬದಲಾಯಿತು. ಅ, ಆ, ಇ, ಈ ಎಂಬ ವರ್ಣಮಾಲೆಯ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗಿದರು. ಈ ಐದರಿಂದಲೇ ಅರಸ, ಸರ, ದರ ಮೊದಲಾದ ಪದಗಳನ್ನು ಮಗು ಕಟ್ಟಬಲ್ಲದು. ಅಕ್ಷರದ ಜೊತೆಯಲ್ಲಿಯೇ ಅರ್ಥ ಬಂದಿತು. 1823ರ ಶಾಲೆಯಲ್ಲಿ ಗತಿ ಮಗುವಿನದಾಗಿದ್ದರೂ ಅರ್ಥ ಮಗುವಿನದಾಗಿರಲಿಲ್ಲವೆಂಬ ಕೊರತೆ ಇಲ್ಲಿ ತುಂಬಿಕೊಂಡಿತು.

2009-10ರಲ್ಲಿ ಈ ಪದ್ಧತಿಯನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆಲ್ಲ ವಿಸ್ತರಿಸಿದರು. ಒಂದು ತಾಲ್ಲೂಕಿನ ಉಪಾಧ್ಯಾಯರು ತಾವೇ ಕಂಡುಕೊಂಡ ಕ್ರಮ ಆದೇಶದ ಮೂಲಕ ಇಡೀ ರಾಜ್ಯಕ್ಕೆ ಹೋದಾಗ ಅದರ ಕಸುವು ಎಲ್ಲೆಡೆ ಒಂದೇ ಆಗಿರಲಿಲ್ಲ. ಕಾರ್ಡುಗಳ ಹೊರೆ ಹೆಚ್ಚೆಂಬ ದೂರೂ ಕೇಳಿಬಂದಿತು. ಹೆಗ್ಗಡದೇವನಕೋಟೆಯಲ್ಲಿ ಮಾತ್ರ ಅದು ಹುಟ್ಟಿದ ಕಾರಣವೇ ಬೇರೆ. ಕಾಡಂಚಿನ ಆ ಸೀಮೆಯ ಬಡ ಕುಟುಂಬಗಳು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗುವುದುಂಟು. ಜೊತೆಯಲ್ಲಿ ಮಕ್ಕಳೂ ಹೋಗುವರು. ಇಯತ್ತೆಯ ಶಾಲೆಯಾದರೆ ಮರಳಿ ಬಂದ ಮಗುವಿಗೆ ತರಗತಿ ಮುಂದೆ ಹೋಗಿಬಿಟ್ಟಿರುತ್ತಿತ್ತು. ಏಣಿಯ ಶಾಲೆಯಲ್ಲಿ ಆ ಮಗು ಹೋಗುವಾಗ ಯಾವ ಮೆಟ್ಟಿಲಿನ ಮೇಲಿತ್ತೋ ಆ ಕಾರ್ಡನ್ನೇ ಮತ್ತೆ ಕೈಗೆತ್ತಿಕೊಂಡು ಕೂಡುತ್ತಿತ್ತು.